ತೋಡಿನ ಗೋಡೆಗೆ ಚಿತ್ರ ಬರೆದಾಯ್ತು, ಕಸ ಮಾತ್ರ ನಿಲ್ಲಲಿಲ್ಲ. ಇನ್ನು ಎಂತ ಮಾಡ್ಬಹುದು?

ತೋಡಿನಬದಿ (ಉಡುಪಿ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗ್ತದೆ, ಆದ್ರೂ ಪೂರ್ತಿ ಓದಿ ಹೇಳಿ.

ನಾನು ಹೈಸ್ಕೂಲಲ್ಲಿ ಡ್ರಾಯಿಂಗ್ ಟೀಚರ್. ಮನೆ ಉಡುಪಿ ಪೇಟೆ ದಾಟಿ ಕಲ್ಮಾಡಿ ಕಡೆ ಹೋಗುವಲ್ಲಿ. ಹಿತ್ಲಿಗೆ ತಾಗಿಯೇ ಒಂದು ತೋಡು, ಅಂದ್ರೆ ಸಣ್ಣ ಹಳ್ಳ ಉಂಟು, ಅದು ಮುಂದೆ ಹೋಗಿ ಇಂದ್ರಾಣಿ ಹೊಳೆಗೆ ಸೇರ್ತದೆ, ಇಂದ್ರಾಣಿ ಕಲ್ಮಾಡಿ ಹತ್ರ ಹಿನ್ನೀರಿಗೆ, ಅಲ್ಲಿಂದ ಮಲ್ಪೆ ಸಮುದ್ರಕ್ಕೆ. ನಾನು ಮದುವೆಯಾಗಿ ಈ ಮನೆಗೆ ಬಂದಾಗ ಅದ್ರಲ್ಲಿ ಬಟ್ಟೆ ಒಗೀತಿದ್ರು, ಮಳೆ ಶುರುವಾದ್ರೆ ಮಾವ ಮಕ್ಕಳನ್ನು ಕಟ್ಕೊಂಡು ಮೀನು ಹಿಡೀಲಿಕ್ಕೆ ಹೋಗ್ತಿದ್ರು. ಈಗ ಏಪ್ರಿಲ್ ಮೇಯಲ್ಲಿ ಆ ಕಡೆ ಕಿಟಕಿ ತೆಗೀಲಿಕ್ಕೇ ಆಗುದಿಲ್ಲ, ಅಷ್ಟು ವಾಸನೆ.

ಹೋದ ವರ್ಷ ನಮ್ಮ ಯುವಕ ಮಂಡಲದವರು ಮತ್ತೆ ನಮ್ಮ ಶಾಲೆ ಮಕ್ಕಳು ಸೇರಿ ತೋಡಿನ ಕಲ್ಲಿನ ಗೋಡೆಗೆ ಚಿತ್ರ ಬರೆದೆವು. ಮೀನು, ಆಮೆ, ತಾವರೆ, ಒಂದು ದೊಡ್ಡ ಹನಿ, ಕೆಳಗೆ ನೀರು ಉಳಿಸಿ ಅಂತ. ಮೂರು ಭಾನುವಾರ ಮಕ್ಕಳು ಬಿಸಿಲಲ್ಲಿ ನಿಂತು ಬರೆದದ್ದು. ಎಲ್ಲರೂ ಬಂದು ಫೋಟೋ ತೆಗೆದ್ರು, ಪೇಪರಲ್ಲೂ ಬಂತು. ಎರಡು ತಿಂಗಳು ಸಮಾ ಇತ್ತು. ಆಮೇಲೆ ಆ ಮೀನಿನ ಬುಡದಲ್ಲೇ ಕಟ್ಟಿದ ಕಸದ ತೊಟ್ಟೆ, ಅಂದ್ರೆ ಪ್ಲಾಸ್ಟಿಕ್ ಚೀಲ, ಬೀಳ್ಲಿಕ್ಕೆ ಶುರು. ಮಳೆಗಾಲ ಮುಗಿಯುವಾಗ ಗೋಡೆಯ ನೀಲಿ ಬಣ್ಣ ಚಕ್ಕೆ ಚಕ್ಕೆ ಎದ್ದಿತ್ತು. ಒಂದು ಚಕ್ಕೆ ಕೈಯಲ್ಲಿ ಹಿಡಿದು ನೋಡಿದೆ, ಉಗುರಿನಷ್ಟು ಇತ್ತು, ಬಗ್ಗಿಸಿದ್ರೆ ತುಂಡಾಗುದಿಲ್ಲ, ಪ್ಲಾಸ್ಟಿಕ್ ಹಾಗೇ ಬಗ್ತದೆ. ಅದೇ ಪ್ಲಾಸ್ಟಿಕ್ಕನ್ನು ನಾವು ಮಕ್ಕಳ ಕೈಯಲ್ಲಿ ತೋಡಿಗೆ ಹಾಕಿಸಿದ ಹಾಗಾಯ್ತು ಅಂತ ಆ ದಿನ ರಾತ್ರಿ ನನಗೆ ನಿದ್ದೆ ಬರ್ಲಿಲ್ಲ.

ಇನ್ನೊಂದು ವಿಷಯ ಉಂಟು. ತೋಡಿಗೆ ಕಸ ಹಾಕುದು ಕಾಣ್ತದೆ, ಆದ್ರೆ ಕಾಣದೇ ಇರುದು ಹೆಚ್ಚು. ಸುಮಾರು ಮನೆಗಳ ಬಚ್ಚಲು ನೀರು ಪೈಪಲ್ಲಿ ಸೀದ ತೋಡಿಗೇ ಬರ್ತದೆ. ಮೇಲಿನ ಒಂದು ದೊಡ್ಡ ಕಟ್ಟಡದವರು ರಾತ್ರಿ ಕಕ್ಕಸು ಹೊಂಡದ ನೀರು ಬಿಡ್ತಾರೆ ಅಂತ ಎಲ್ಲರಿಗೂ ಸಂಶಯ, ಹೇಳ್ಬೇಕಾದ ಆಫೀಸಿಗೆ ಎರಡು ಸಲ ಅರ್ಜಿ ಕೊಟ್ಟೆವು, ಬಂದು ನೋಡಿ ಹೋದ್ರು, ಅಷ್ಟೆ. ನಮ್ಮ ಬೀದಿಯಲ್ಲಿ ನಳ್ಳಿ ನೀರು ಉಂಟು, ಬಜೆ ಡ್ಯಾಮಿಂದ ಬರುದು, ಆದ್ರೆ ಕುಡೀಲಿಕ್ಕೆ ಹೆಚ್ಚಿನವರು ಈಗಲೂ ಬಾವಿ ನೀರನ್ನೇ ಬಳಸುದು, ರುಚಿ ಉಂಟು ಅಂತ. ಆ ಬಾವಿಗಳೆಲ್ಲ ತೋಡಿಂದ ಹತ್ತಿಪ್ಪತ್ತು ಹೆಜ್ಜೆ ದೂರದಲ್ಲಿ.

ಈ ಸಲ ಮಂಡಲದ ವಾರ್ಷಿಕೋತ್ಸವಕ್ಕೆ ನೀರಿನ ವಿಷಯದಲ್ಲೇ ಏನಾದ್ರೂ ಮಾಡ್ಬೇಕು ಅಂತ ಎಲ್ಲರೂ ಒಪ್ಪಿದ್ದಾರೆ. ಭಾಷಣ ಬೇಡ, ಪೋಸ್ಟರ್ ಬೇಡ. ಕಲೆಯಿಂದ ಜನರಿಗೆ ಒಳಗೆ ತಟ್ಟುವ ಹಾಗೆ ಎಂತ ಮಾಡ್ಬಹುದು? ಯಾರಾದ್ರೂ ಮಾಡಿ ನೋಡಿದವರು ಇದ್ರೆ ಹೇಳಿ, ಆಗದೇ ಹೋದದ್ದನ್ನೂ ಹೇಳಿ.

ಹಾಳೆದೋಣಿ (ಮಂಗಳೂರು)

ಟೀಚರೇ, ಗೋಡೆ ಚಿತ್ರ ನಾವೂ ಮಾಡಿದ್ದೇವೆ, ನಿಮ್ಮ ಕಥೆಯೇ ನಮ್ಮದೂ. ನನಗೆ ಅನಿಸುದು, ಆಮೆ ತಾವರೆ ಎಲ್ಲ ಚಂದ ಉಂಟು ಆದ್ರೆ ಅದು ಯಾವ ಊರಿನ ಗೋಡೆಗೂ ಆಗ್ತದೆ, ಅದ್ರಲ್ಲಿ ನಿಮ್ಮ ತೋಡು ಇಲ್ಲ. ತೊಟ್ಟೆ ಬಿಸಾಡುವವನಿಗೆ ಅದು ನನ್ನ ವಿಷಯ ಅಂತ ಅನಿಸ್ಲಿಕ್ಕೆ ಎಂತ ಉಂಟು ಅಲ್ಲಿ?

ನಾವು ಎರಡನೇ ಸಲ ಮಾಡಿದ್ದು ಹೇಳ್ತೇನೆ. ನಮ್ಮಲ್ಲಿಯ ತೋಡು ಫಲ್ಗುಣಿಗೆ ಸೇರುದು, ಗುರುಪುರ ಹೊಳೆ ಅಂತಾರಲ್ಲ ಅದೇ. 2019ರ ಆಗಸ್ಟಲ್ಲಿ ಪಚ್ಚನಾಡಿಯ ಕಸದ ರಾಶಿ ಮಳೆಗೆ ಜಾರಿ ಮಂದಾರ ಅಂತ ಊರಿನ ಮನೆ ತೋಟ ಎಲ್ಲ ಮುಚ್ಚಿತಲ್ಲ, ಆಮೇಲೆ ನಮ್ಮ ಕಡೆ ನೀರಿನ ವಿಷಯ ಎತ್ತಿದ್ರೆ ಎಲ್ಲರೂ ಅದನ್ನೇ ತೋರಿಸುದು, ಮಲಿನ ಅಂದ್ರೆ ಅಲ್ಲಿ, ನಮ್ಮಲ್ಲಿ ಎಂತ ಉಂಟು ಅಂತ. ಹಾಗಾಗಿ ನಾವು ಮಕ್ಕಳಿಗೆ ಮೊದಲು ಶಾಲೆಯ ಅಂಗಳದಲ್ಲಿ ತೋಡಿನ ನಕ್ಷೆ ಬರೆಯಿಸಿದೆವು, ಶೇಡಿ ಅಂತ ಬಿಳಿ ಮಣ್ಣಿನ ಹುಡಿಯಲ್ಲಿ, ಅಂಗಳದ ಈ ತುದಿಯಿಂದ ಆ ತುದಿ ತನಕ. ಪ್ರತಿ ಮಗು ತನ್ನ ಮನೆ ಎಲ್ಲಿ ಬರ್ತದೆ ಅಂತ ಒಂದು ಕಲ್ಲಿಡ್ಬೇಕು. ಅಪ್ಪ ಅಮ್ಮಂದಿರೂ ಬಂದು ನಿಂತು ಇಲ್ಲಿ ಅಲ್ಲ ಮಾರಾಯ ನಮ್ಮ ಮನೆ ಮೋರಿಯ ಈ ಕಡೆ ಅಂತ ಸರಿ ಮಾಡಿದ್ರು. ಅರ್ಧ ಜನಕ್ಕೆ ತಮ್ಮ ಮನೆ ನೀರು ಎಲ್ಲಿಗೆ ಹೋಗ್ತದೆ ಅಂತ ಅವತ್ತೇ ಗೊತ್ತಾದದ್ದು.

ಆಮೇಲೆ ಅಡಿಕೆ ಹಾಳೆಯಲ್ಲಿ ಮಕ್ಕಳು ಸಣ್ಣ ಸಣ್ಣ ದೋಣಿ ಮಾಡಿದ್ರು, ನಲ್ವತ್ತು ದೋಣಿ, ಒಂದೊಂದಕ್ಕೂ ಕೆಮ್ಮಣ್ಣಲ್ಲಿ ನಂಬರು. ಜೂನ್ ಎರಡನೇ ವಾರ, ಮಳೆ ಬಂದು ನೀರು ಹರೀಲಿಕ್ಕೆ ಶುರುವಾದ ಮೇಲೆ, ಒಂದೊಂದು ಮಗು ತನ್ನ ಮನೆ ಹತ್ರ ತೋಡಿಗೆ ಬಿಟ್ಟದ್ದು. ನಾವು ಹೊಳೆ ಬಾಯಲ್ಲಿ ದೋಣಿಯವರ ಹತ್ರ ಹೇಳಿ ಇಟ್ಟಿದ್ದೆವು, ಬಂದದ್ದನ್ನು ಹೆಕ್ಕಿ ಇಡಿ ಅಂತ. ಬಂದದ್ದು ಒಂಬತ್ತು. ಉಳಿದದ್ದು ಎಲ್ಲಿ ಅಂತ ಮಕ್ಕಳೇ ಹುಡುಕಿಕೊಂಡು ಹೋದ್ರು, ಇಪ್ಪತ್ತಕ್ಕಿಂತ ಹೆಚ್ಚು ಒಂದೇ ಮೋರಿಯಲ್ಲಿ ಸಿಕ್ಕಿ ಹಾಕ್ಕೊಂಡಿತ್ತು, ತೊಟ್ಟೆ, ಥರ್ಮಾಕೋಲು, ಹಳೇ ಹಾಸಿಗೆ ಎಲ್ಲ ಒಟ್ಟಾಗಿ ನಿಂತದ್ರ ಮೇಲೆ. ಹುಡುಗಿಯೊಬ್ಬಳು ತನ್ನ ದೋಣಿ ಅಲ್ಲಿ ಇದ್ದದ್ದು ನೋಡಿ ಅತ್ತೇಬಿಟ್ಳು. ಆ ಮೋರಿಯನ್ನು ಅದೇ ವಾರ ಅವಳ ಅಪ್ಪನೇ ನಾಲ್ಕು ಜನ ಕಟ್ಕೊಂಡು ಕ್ಲೀನ್ ಮಾಡಿದ್ದು, ನಾವು ಯಾರೂ ಹೇಳಿರ್ಲಿಲ್ಲ.

ಒಂದು ಜಾಗ್ರತೆ. ಜೋರು ಮಳೆ ದಿನ ಮಕ್ಕಳನ್ನು ತೋಡಿನ ಹತ್ರ ಬಿಡ್ಬೇಡಿ, ಪ್ರತಿ ಜಾಗದಲ್ಲೂ ಒಬ್ಬ ದೊಡ್ಡವರು ಬೇಕೇ ಬೇಕು. ಬಣ್ಣ ಗಿಣ್ಣ ಬೇಡ, ಮಣ್ಣು ಸಾಕು.

ಸುಣ್ಣಕಾವಿ

ಬಣ್ಣದ ಚಕ್ಕೆ ಬಗ್ಗೆ ಮಾತ್ರ ಹೇಳ್ತೇನೆ. ಎಮಲ್ಷನ್ ಪೇಂಟ್ ಅಂದ್ರೆ ಹೆಚ್ಚಾಗಿ ಅಕ್ರಿಲಿಕ್ಕೇ, ಒಣಗಿದ ಮೇಲೆ ಅದು ಪ್ಲಾಸ್ಟಿಕ್ ಪದರವೇ. ನಮ್ಮಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸು ಮಳೆ, ಮುರಕಲ್ಲಿನ, ಅಂದ್ರೆ ಕೆಂಪು ಜಂಬಿಟ್ಟಿಗೆ ಕಲ್ಲಿನ ಗೋಡೆ ಒಳಗಿಂದ ನೀರು ಕುಡೀತದೆ, ಆ ನೀರಿಗೆ ಹೊರಗೆ ಬರ್ಲಿಕ್ಕೆ ದಾರಿ ಇಲ್ಲದೆ ಪೇಂಟನ್ನು ಎಬ್ಬಿಸ್ತದೆ. ಎಷ್ಟು ದುಬಾರಿ ಪೇಂಟ್ ತಂದ್ರೂ ತೋಡಿನ ಗೋಡೆಯಲ್ಲಿ ಇದೇ ಕಥೆ.

ಬರೆಯುದಾದ್ರೆ ಸುಣ್ಣ ಮತ್ತು ಕಾವಿಯಲ್ಲಿ ಬರೀರಿ. ಕರಾವಳಿಯ ಹಳೇ ದೇವಸ್ಥಾನಗಳ ಗೋಡೆಯಲ್ಲಿ ಕಾವಿ ಚಿತ್ರ ನೋಡಿರ್ತೀರಿ, ಬಿಳಿ ಸುಣ್ಣದ ಗಾರೆ ಮೇಲೆ ಕೆಂಪು ಮಣ್ಣಿನ ಪದರ ಕೊಟ್ಟು, ಹಸಿ ಇರುವಾಗಲೇ ಕೆರೆದು ತೆಗೆಯುದು, ಕೆರೆದಲ್ಲಿ ಬಿಳಿ ಕಾಣ್ತದೆ. ಮುರಕಲ್ಲಿನದ್ದೇ ಬಣ್ಣ, ಮುರಕಲ್ಲಿನ ಗೋಡೆಗೆ ಸರಿ ಹೋಗ್ತದೆ, ಗೋಡೆ ಉಸಿರಾಡ್ತದೆ. ನನ್ನ ಅಜ್ಜನ ಕಾಲದಲ್ಲಿ ಇಲ್ಲಿ ಸುಣ್ಣ ಅಂದ್ರೆ ಚಿಪ್ಪಿನ ಸುಣ್ಣವೇ, ಹೊಳೆಯ ಮರುವಾಯಿ, ಅಂದ್ರೆ ತಿನ್ನುವ ಕಪ್ಪೆಚಿಪ್ಪು ಉಂಟಲ್ಲ, ಅದ್ರ ಚಿಪ್ಪು ಸುಟ್ಟು ಮಾಡುದು. ಆ ಹೊಳೆಯ ಚಿಪ್ಪಿಂದಲೇ ಆ ಹೊಳೆಯ ಕಥೆ ಬರೆದ ಹಾಗೆ ಆಗ್ತದೆ.

ತೆಳುವಾಗಿ ಬಳಿದದ್ದು ಒಂದೆರಡು ಮಳೆಗಾಲಕ್ಕೆ ಮಾಸ್ತದೆ, ಮಾಸ್ಲಿ. ಪ್ರತಿ ದೀಪಾವಳಿಗೆ ಎಲ್ಲರೂ ಸೇರಿ ಪುನಃ ಬಳಿಯುದು ಅಂತ ಇಟ್ಕೊಂಡ್ರೆ ವರ್ಷಕ್ಕೊಂದು ಸಲವಾದ್ರೂ ಜನ ತೋಡಿನ ಹತ್ರ ಬಂದು ನಿಲ್ತಾರೆ. ಸುಣ್ಣದ ನೀರು ಕಣ್ಣಿಗೆ ಹಾರಿದ್ರೆ ಅಪಾಯ, ಮಕ್ಕಳಿಗೆ ಕೊಡ್ಬೇಡಿ. ಬಾಕಿಯಾದ ಸುಣ್ಣದ ನೀರನ್ನು ತೋಡಿಗೆ ಚೆಲ್ಲಬೇಡಿ, ಮೀನಿಗೆ ಅದೂ ವಿಷ.

ಲ್ಯಾಬಣ್ಣ

ನಾನು ನೀರು ಪರೀಕ್ಷೆ ಮಾಡುವ ಲ್ಯಾಬಲ್ಲಿ ಕೆಲಸ ಮಾಡುದು. ಕಲೆ ನನಗೆ ಅಷ್ಟು ಗೊತ್ತಿಲ್ಲ, ಆದ್ರೆ ಜನ ಬೆಚ್ಚಿ ಬಿದ್ದದ್ದನ್ನು ಕಣ್ಣಾರೆ ನೋಡಿದ್ದು ಒಂದೇ ಕಡೆ, ಅದನ್ನು ಹೇಳ್ತೇನೆ.

ಎಚ್‌ಟೂಎಸ್ ಬಾಟ್ಲಿ ಅಂತ ಒಂದು ಉಂಟು. ಸಣ್ಣ ಗಾಜಿನ ಬಾಟ್ಲಿ, ಒಳಗೆ ಮದ್ದು ಹಚ್ಚಿದ ಕಾಗದ. ಬಾವಿ ನೀರು ಗೆರೆ ತನಕ ತುಂಬಿಸಿ ಮುಚ್ಚಳ ಹಾಕಿ ಬೆಚ್ಚಗಿನ ಜಾಗದಲ್ಲಿ ಇಡುದು. ನೀರಲ್ಲಿ ಮಲದಿಂದ ಬಂದ ಬ್ಯಾಕ್ಟೀರಿಯಾ ಇದ್ರೆ ಒಂದೆರಡು ದಿನದಲ್ಲಿ ನೀರು ಕಪ್ಪಾಗ್ತದೆ. ಆ ಬ್ಯಾಕ್ಟೀರಿಯಾ ಹೈಡ್ರೋಜನ್ ಸಲ್ಫೈಡ್ ಬಿಡ್ತದೆ, ಅದು ಮದ್ದಲ್ಲಿರುವ ಕಬ್ಬಿಣದ ಜೊತೆ ಸೇರಿ ಕಪ್ಪಾಗುದು. ಇದನ್ನು 1982ರಲ್ಲಿ ತೋರಿಸಿಕೊಟ್ಟದ್ದು ನಮ್ಮ ದೇಶದ ವಿಜ್ಞಾನಿಗಳೇ, ದೊಡ್ಡ ಲ್ಯಾಬ್ ಇಲ್ಲದ ಹಳ್ಳಿಗೂ ಆಗ್ಬೇಕು ಅಂತ. ಕುಡಿಯುವ ನೀರಿಗೆ ನಿಯಮ ಏನು ಅಂದ್ರೆ 100 ಮಿಲಿಯಲ್ಲಿ ಇ ಕೋಲಿ ಅಂತ ಮಲದ ಬ್ಯಾಕ್ಟೀರಿಯಾ ಒಂದೂ ಇರ್ಬಾರದು.

ಒಮ್ಮೆ ಒಂದು ಊರಲ್ಲಿ ನಾವು ಇಪ್ಪತ್ತು ಮನೆಯ ಬಾಟ್ಲಿಯನ್ನು ಭಜನಾ ಮಂದಿರದ ಜಗಲಿಯಲ್ಲಿ ಸಾಲಾಗಿ ಇಟ್ಟಿದ್ದೆವು, ಬೇರೆ ಜಾಗ ಇರ್ಲಿಲ್ಲ ಅಂತ. ಮೊದಲ ದಿನ ಎಲ್ಲ ಬಾಟ್ಲಿಯೂ ಒಂದೇ ಹಾಗೆ. ಮರುದಿನ ಬೆಳಿಗ್ಗೆ ನಾಲ್ಕು ಕಪ್ಪು, ಮಧ್ಯಾಹ್ನ ಏಳು, ಮಾರನೇ ದಿನ ಹದಿಮೂರು. ಜನ ಹಾಲಿಗೆ ಹೋಗುವಾಗ ನೋಡುದು, ಬರುವಾಗ ನೋಡುದು, ರಾತ್ರಿ ಟಾರ್ಚ್ ಹಾಕಿ ನೋಡುದು. ನಾನು ವರ್ಷಗಟ್ಟಲೆ ರಿಪೋರ್ಟ್ ಬರೆದು ಕೊಟ್ಟದ್ದನ್ನು ಯಾರೂ ಹಾಗೆ ನೋಡಿದ್ದಿಲ್ಲ. ನಿಮ್ಮ ಹಾಗೆ ಚಿತ್ರ ಗೊತ್ತಿದ್ದವರು ಅದನ್ನು ಸರಿಯಾಗಿ ಜೋಡಿಸಿ ಹಿಂದೆ ಬೆಳಕು ಕೊಟ್ಟು, ಹಾಳೆದೋಣಿಯವರು ಹೇಳಿದ ನಕ್ಷೆಯ ಮೇಲೆ ಆಯಾ ಬಾವಿಯ ಜಾಗದಲ್ಲೇ ಇಟ್ರೆ ಹೇಗಾಗ್ಬಹುದು ಯೋಚನೆ ಮಾಡಿ.

ಆದ್ರೆ ಹೆಸರು ಹಾಕ್ಲೇಬೇಡಿ. ಬರೀ ನಂಬರು, ಯಾವ ನಂಬರು ಯಾರದ್ದು ಅಂತ ಆ ಮನೆಯವರಿಗೆ ಮಾತ್ರ ಗೊತ್ತಿರ್ಲಿ. ನಕ್ಷೆ ಮೇಲೆ ಇಡುದಾದ್ರೆ ಮನೆ ಗುರುತಾಗ್ತದೆ, ಹಾಗಾಗಿ ಎಲ್ಲರನ್ನೂ ಕೇಳಿ ಒಪ್ಪಿದ ಮೇಲೆ ಮಾತ್ರ. ಆ ಊರಲ್ಲಿ ಒಂದು ಮನೆಗೆ ಮದುವೆ ಮಾತುಕತೆಗೆ ಬರುವವರಿದ್ರು, ಬಾವಿ ಕೆಟ್ಟಿದೆ ಅಂತ ಸುದ್ದಿಯಾಗಿ ಅವರಿಗೆ ತುಂಬ ಬೇಜಾರಾಯ್ತು, ಅದು ನಮ್ಮದೇ ತಪ್ಪು.

ಮತ್ತೆ ಈ ಪರೀಕ್ಷೆ ಪ್ರಾಥಮಿಕ ಅಷ್ಟೆ, ಕಪ್ಪಾದದ್ದನ್ನು ಲ್ಯಾಬಲ್ಲಿ ಪುನಃ ನೋಡ್ಬೇಕು, ಕಪ್ಪಾಗದಿದ್ರೆ ಎಲ್ಲ ಸರಿ ಉಂಟು ಅಂತಲೂ ಅಲ್ಲ. ಕಪ್ಪಾದ ಬಾಟ್ಲಿಯ ಮುಚ್ಚಳ ಮಕ್ಕಳು ತೆಗೀಬಾರದು. ಎಲ್ಲ ಮುಗಿದ ಮೇಲೆ ಬ್ಲೀಚಿಂಗ್ ಪೌಡರ್ ನೀರು ಹಾಕಿ ಇಟ್ಟು ಆಮೇಲೆಯೇ ಚೆಲ್ಲುದು, ತೋಡಿಗಲ್ಲ.

ಅರ್ಥಧಾರಿ

ಟೀಚರ್ ಅವರೇ, ನಾನು ಹವ್ಯಾಸಿ ತಾಳಮದ್ದಳೆಯಲ್ಲಿ ಅರ್ಥ ಹೇಳುವವ, ಅಂದ್ರೆ ಯಕ್ಷಗಾನದ ಪದಕ್ಕೆ ಕೂತಲ್ಲೇ ಪಾತ್ರದ ಮಾತು ಹೇಳುವವ. ನಿಮ್ಮ ಪೋಸ್ಟ್ ಓದುವಾಗ ಕಾಳಿಂಗ ಮರ್ದನವೇ ನೆನಪಾದದ್ದು. ಮಡು ವಿಷವಾಗಿದೆ, ನೀರು ಕುಡಿದ ದನ, ದನ ಕಾಯುವ ಹುಡುಗರು ದಡದಲ್ಲಿ ಬಿದ್ದಿದ್ದಾರೆ, ಮೇಲೆ ಹಾರುವ ಹಕ್ಕಿ ಸಹ ಬೀಳ್ತದೆ. ಕೆಟ್ಟ ನೀರಿನ ಕಥೆಯನ್ನು ನಮ್ಮ ಜನ ನೂರಾರು ವರ್ಷದಿಂದ ರಾತ್ರಿ ಇಡೀ ಕೂತು ಕೇಳಿದ್ದಾರೆ, ಅದೂ ಕೃಷ್ಣನ ಊರಾದ ಉಡುಪಿಯಲ್ಲಿ. ಹೊಸ ಕಥೆ ಬೇಕಾಗಿಲ್ಲ.

ತಾಳಮದ್ದಳೆ ಯಾಕೆ ಹೇಳ್ತೇನೆ ಅಂದ್ರೆ ವೇಷ ಬೇಡ, ರಂಗಸ್ಥಳ ಬೇಡ, ಒಬ್ಬ ಭಾಗವತ, ಚೆಂಡೆ ಮದ್ದಳೆ, ಅರ್ಥಕ್ಕೆ ಮೂರು ಜನ. ಯಾರದ್ದಾದ್ರೂ ಅಂಗಳದಲ್ಲಿ ಆಗ್ತದೆ. ಮತ್ತೆ ಅದ್ರಲ್ಲಿ ಎದುರಾಳಿಗೂ ಪೂರ್ತಿ ಮಾತಿಗೆ ಅವಕಾಶ. ಭಾಗವತ ಪುರಾಣದಲ್ಲೇ ಕಾಳಿಂಗ ಕೃಷ್ಣನಿಗೆ ಹೇಳ್ತಾನೆ, ನಾವು ಹುಟ್ಟಿನಿಂದಲೇ ಹೀಗೆ, ಈ ಸ್ವಭಾವ ಕೊಟ್ಟವನೂ ನೀನೇ ಅಂತ. ಅದೇ ಎಳೆ ಹಿಡ್ಕೊಂಡು ನಾವು ಒಂದು ಸಲ ಅಭ್ಯಾಸಕ್ಕೆ ಅಂತ ಚಾವಡಿಯಲ್ಲಿ ಮಾಡಿದಾಗ ನನ್ನ ಗೆಳೆಯ ಕಾಳಿಂಗನ ಬಾಯಲ್ಲಿ ಹೇಳಿಸಿದ, ನನಗಿರುದು ಐದು ಸೆಂಟ್ಸ್ ಜಾಗ, ಅದ್ರಲ್ಲೇ ಮನೆ, ಅದ್ರಲ್ಲೇ ಬಾವಿ, ಹೊಂಡ ಎಲ್ಲಿ ತೋಡ್ಲಿ ಸ್ವಾಮಿ, ಬಾವಿಗೂ ಹೊಂಡಕ್ಕೂ 15 ಮೀಟರ್ ಬೇಕು ಅಂತಾರೆ, ನನ್ನ ಜಾಗದ ಉದ್ದವೇ ಅಷ್ಟಿಲ್ಲ. ಕೂತಿದ್ದವರೆಲ್ಲ ಒಮ್ಮೆಲೇ ಮೌನ ಆದ್ರು, ಯಾಕಂದ್ರೆ ಹೆಚ್ಚಿನವರದ್ದು ಐದು ಸೆಂಟ್ಸೇ. ಕೃಷ್ಣನ ಅರ್ಥ ಹೇಳ್ತಿದ್ದ ನನಗೆ ಉತ್ತರ ಸಿಗ್ಲಿಲ್ಲ. ಮುರಕಲ್ಲಲ್ಲಿ ತೂತೇ ಹೆಚ್ಚು, ಹೊಂಡದ ನೀರು ಸೋಸಿ ಹೋಗುದಿಲ್ಲ, ಓಡ್ತದೆ. ಇದಕ್ಕೆ ಒಂದು ಮನೆಯವ ಎಂತ ಮಾಡಿಯಾನು? ನಾಲ್ಕು ಮನೆ ಸೇರಿ ದೂರದಲ್ಲಿ ಒಂದು ಟ್ಯಾಂಕ್ ಮಾಡುದು, ಇಲ್ಲ ಬೀದಿಗೆ ಒಳಚರಂಡಿ ಬೇಕು ಅಂತ ಒಟ್ಟಾಗಿ ಕೇಳುದು, ಆ ಮಾತು ಅವತ್ತು ಅಲ್ಲೇ ಎದ್ದಿತು.

ಹಾಗಾಗಿ ಕಾಳಿಂಗ ಅಂದ್ರೆ ನೆರೆಮನೆಯವ ಅಂತ ತೋರಿಸಿಬಿಡ್ಬೇಡಿ, ಮೇಲಿನ ದೊಡ್ಡ ಕಟ್ಟಡ ಅಂತಲೂ ಬೆರಳು ಮಾಡ್ಬೇಡಿ. ಅವನಿಗೆ ವಾದ ಮಾಡ್ಲಿಕ್ಕೆ ಬಿಡಿ, ಜನ ಅವನಲ್ಲಿ ತಮ್ಮನ್ನು ಕಾಣ್ತಾರೆ.

ಮರುವಾಯಿ

ಅರ್ಥಧಾರಿ ಅಣ್ಣ, ಒಂದು ಕೇಳ್ಲಿಕ್ಕುಂಟು. ಆ ಪ್ರಸಂಗದ ಕೊನೆಗೆ ಕೃಷ್ಣ ಕಾಳಿಂಗನಿಗೆ ಎಂತ ಹೇಳುದು? ಇಲ್ಲಿಂದ ಸಮುದ್ರಕ್ಕೆ ಹೋಗು ಅಂತ ಅಲ್ವಾ?

ಸಮುದ್ರದ ಬದಿಯಲ್ಲಿರುದು ನಾವು. ನನ್ನ ಅಮ್ಮ ಮೂವತ್ತು ವರ್ಷ ಹೊಳೆಯಲ್ಲಿ ಸೊಂಟ ಮಟ್ಟ ನೀರಲ್ಲಿ ನಿಂತು ಮರುವಾಯಿ ಹೆಕ್ಕಿದವರು. ಕಾಲಲ್ಲಿ ತಡಕುದು, ಬೆರಳಿಗೆ ಸಿಕ್ಕಿದ್ದನ್ನು ಮುಳುಗಿ ತೆಗೆದು ನೀರಲ್ಲಿ ತೇಲಿ ಬಿಟ್ಟ ಪಾತ್ರೆಗೆ ಹಾಕುದು, ಇಳಿತ ಇರುವಷ್ಟು ಹೊತ್ತು. ಈಗ ಆ ಜಾಗದಲ್ಲಿ ಕಾಲಿಟ್ರೆ ಕಪ್ಪು ಕೆಸರು ಮೊಣಕಾಲು ತನಕ ಹೋಗ್ತದೆ, ಕಾಲು ಎಳೆದ್ರೆ ಕೊಳೆತ ಮೊಟ್ಟೆ ವಾಸನೆ. ಲ್ಯಾಬಣ್ಣ ಹೇಳಿದ ಗ್ಯಾಸೇ ಇರ್ಬೇಕು. ಅಮ್ಮನಿಗೆ ಕಾಲಲ್ಲಿ ತುರಿಕೆಯಾಗಿ ನಾಲ್ಕು ವರ್ಷದಿಂದ ಹೋಗುದು ನಿಲ್ಲಿಸಿದ್ದಾರೆ. ಮರುವಾಯಿ ನೀರನ್ನು ಸೋಸಿ ತಿನ್ನುವ ಜೀವ, ನೀರಲ್ಲಿ ಇದ್ದದ್ದೆಲ್ಲ ಅದ್ರ ಮೈಗೆ ಸೇರ್ತದೆ, ತಿಂದವರಿಗೂ.

ಮೇಲಿನವರು ತೋಡಿಗೆ ಬಿಟ್ಟ ಮೇಲೆ ಹೋಯ್ತು ಅಂತ ತಿಳ್ಕೊಳ್ತಾರೆ. ಹೋಗುದಿಲ್ಲ. ದಿನಕ್ಕೆ ಎರಡು ಸಲ ಭರತ ಬರ್ತದೆ, ಇಳಿತದಲ್ಲಿ ಹೋದದ್ದನ್ನು ಪುನಃ ಮೇಲಕ್ಕೆ ತರ್ತದೆ. ಬೇಸಗೆಯಲ್ಲಿ ಮೇಲಿಂದ ನೀರಿನ ಜೋರು ಇಲ್ಲದಾಗ ಅದು ಅಲ್ಲೇ ಹೋಗಿ ಬಂದು ಮಾಡ್ಕೊಂಡು ಇರ್ತದೆ. ನೀವು ತಾಳಮದ್ದಳೆ ಮಾಡುದಾದ್ರೆ ಸಮುದ್ರಕ್ಕೆ ಹೋಗು ಅಂದಾಗ ಸಮುದ್ರದ ಕಡೆಯಿಂದಲೂ ಒಬ್ಬರು ಎದ್ದು ಮಾತಾಡ್ಬೇಕು ಅಂತ ನನಗೆ ಆಸೆ. ಬೇಕಾದ್ರೆ ನನ್ನ ಅಮ್ಮನೇ ಬರ್ತಾರೆ. ತುಳುವಲ್ಲಿ ಮಾತಾಡ್ತಾರೆ, ಆಗ್ತದಾ?

ಅರ್ಥಧಾರಿ

ಇಷ್ಟು ವರ್ಷ ಅರ್ಥ ಹೇಳಿದವ ನಾನು, ಈ ಪ್ರಶ್ನೆ ನನಗೆ ಹೊಳೆದದ್ದೇ ಇಲ್ಲ. ಅಮ್ಮನನ್ನು ಖಂಡಿತ ಕರ್ಕೊಂಡು ಬನ್ನಿ. ಸಮುದ್ರರಾಜನ ಪಾತ್ರ ಅಂತ ಇಟ್ಕೊಳ್ಳುವ, ಅರ್ಥ ಅವರದ್ದೇ, ತುಳುವಲ್ಲೇ ಇರ್ಲಿ. ನಾನು ಕೃಷ್ಣನಾಗಿ ಎದುರು ಕೂತು ಕೇಳ್ತೇನೆ.

ತೋಡಿನಬದಿ

ಎಲ್ಲರಿಗೂ ಎಷ್ಟು ಉಪಕಾರ ಹೇಳಿದ್ರೂ ಸಾಲದು. ಮರುವಾಯಿ ಅವರೇ, ನಿಮ್ಮ ಅಮ್ಮನ ವಿಷಯ ಓದಿ ತುಂಬ ಹೊತ್ತು ಸುಮ್ಮನೆ ಕೂತೆ, ನಮ್ಮ ತೋಡಿನ ನೀರು ಅವರ ಕಾಲಿಗೆ ಹೋಗಿ ತಾಗಿದೆ ಅಂತ ನಾನು ಯಾವತ್ತೂ ಯೋಚಿಸಿದವಳಲ್ಲ.

ಇನ್ನೊಂದು ಕೇಳುದು. ವಾರ್ಷಿಕೋತ್ಸವ ತುಳುವಿನ ಆಟಿ ತಿಂಗಳಲ್ಲಿ, ಅಂದ್ರೆ ಜುಲೈ ಆಗಸ್ಟ್ ಹೊತ್ತಿಗೆ ಬರ್ತದೆ. ಮಂಡಲದ ಹುಡುಗರು ಆಟಿ ಕಳೆಂಜ ವೇಷ ಹಾಕಿ ಮನೆ ಮನೆಗೆ ಹೋಗಿ ನೀರಿನ ಜಾಗೃತಿ ಮಾಡುವ ಅಂತಿದ್ದಾರೆ, ಊರಿನ ಮಾರಿ ಓಡಿಸುವವ ಅಲ್ವಾ ಕಳೆಂಜ, ಕೆಟ್ಟ ನೀರೂ ಮಾರಿಯೇ ಅಂತ ಅವರ ಲೆಕ್ಕ. ನನಗೆ ಅದು ಸರಿಯಾ ತಪ್ಪಾ ಗೊತ್ತಾಗ್ತಾ ಇಲ್ಲ.

ತೆಂಬರೆ

ಟೀಚರ್, ಕೇಳಿದ್ದು ಒಳ್ಳೆಯದಾಯ್ತು. ನಾವು ಕಳೆಂಜ ಕಟ್ಟುವ ಮನೆಯವರೇ. ಅಜ್ಜ ಕಟ್ತಿದ್ರು, ಅಪ್ಪ ಕಟ್ತಿದ್ರು, ಈಗ ನನ್ನ ತಮ್ಮ. ನಾನು ತೆಂಬರೆ ಅಂತ ಸಣ್ಣ ಚರ್ಮವಾದ್ಯ ಹೊಡೆದುಕೊಂಡು ಪಾಡ್ದನ, ಅಂದ್ರೆ ನಮ್ಮ ತುಳು ಕಥೆ ಹಾಡು, ಹೇಳ್ತಾ ಜೊತೆಗೆ ಹೋಗುದು.

ನೇರ ಹೇಳ್ತೇನೆ, ಬೇಜಾರ ಮಾಡ್ಬೇಡಿ. ಮಂಡಲದ ಹುಡುಗರು ತೆಂಗಿನ ಎಳೆ ಗರಿಯ ಸಿರಿ ಕಟ್ಟಿಕೊಂಡು ತತ್ರ, ಅಂದ್ರೆ ಓಲೆಕೊಡೆ, ಹಿಡ್ಕೊಂಡು ಹೊರಡುದು ಬೇಡ. ಅದು ವೇಷ ಮಾತ್ರ ಅಲ್ಲ, ನಮ್ಮ ಮನೆಯ ಕೆಲಸ. ಆಟಿಯಲ್ಲಿ ಬೇರೆ ದುಡಿಮೆ ಇಲ್ಲದಾಗ ಮನೆ ಮನೆಗೆ ಹೋಗಿ ಮಾರಿ ಕಳೆದು ಅಕ್ಕಿ, ಉಪ್ಪು, ಹುಳಿ, ಮೆಣಸು ಪಡ್ಕೊಂಡು ಬಂದದ್ದರಲ್ಲಿ ನಾವು ದೊಡ್ಡದಾದದ್ದು. ಅದನ್ನು ಸ್ಟೇಜಿಗೆ ಹತ್ತಿಸಿ ಬಹುಮಾನ ಕೊಡುದು, ಸ್ಪರ್ಧೆ ಇಡುದು ಎಲ್ಲ ನೋಡಿ ಅಪ್ಪನಿಗೆ ತುಂಬ ನೋವಾಗಿತ್ತು.

ಆದ್ರೆ ನೀರಿನ ವಿಷಯ ಕಳೆಂಜಕ್ಕೆ ಹೊರಗಿನದ್ದು ಅಂತ ನಾನು ಹೇಳುದಿಲ್ಲ. ಆಟಿ ಅಂದ್ರೇ ಹೊಟ್ಟೆ ಕೆಡುವ ತಿಂಗಳು, ಹಾಗಾಗಿಯೇ ಆಟಿ ಅಮಾವಾಸ್ಯೆಗೆ ಹಾಲೆ ಮರದ ತೊಗಟೆ ಕಷಾಯ ಕುಡಿಯುದು. ನೀವು ನಮ್ಮನ್ನೇ ಕರೀರಿ. ನಾವು ನಮ್ಮ ಕ್ರಮದಲ್ಲೇ ಬರ್ತೇವೆ, ಪಾಡ್ದನ ಹೇಗುಂಟೋ ಹಾಗೇ ಹೇಳ್ತೇವೆ, ಅದಕ್ಕೆ ಒಂದು ಶಬ್ದವೂ ಸೇರಿಸುದಿಲ್ಲ. ನಾವು ಮುಂದೆ ಹೋದ ಮೇಲೆ ಹಿಂದಿಂದ ನೀವು ಬನ್ನಿ, ಬಾಟ್ಲಿ ಹಿಡ್ಕೊಂಡು, ಬಾವಿ ನೀರು ಕೇಳ್ಲಿಕ್ಕೆ. ಆ ದಿನ ಕಳೆಂಜನಿಗೆ ಕೊಡ್ಲಿಕ್ಕೆ ಅಂತ ಎಲ್ಲರೂ ಬಾಗಿಲು ತೆಗೆದೇ ಇರ್ತಾರೆ.

ತೋಡಿನಬದಿ

ತೆಂಬರೆ ಅವರೇ, ನಿಮ್ಮ ಮಾತನ್ನು ಮಂಡಲದಲ್ಲಿ ಓದಿ ಹೇಳಿದೆ. ಹುಡುಗರು ಒಪ್ಪಿದ್ರು. ಅಧ್ಯಕ್ಷರು ನಾಡಿದ್ದು ಭಾನುವಾರ ನಿಮ್ಮ ಮನೆಗೆ ಬಂದು ಕ್ರಮದಲ್ಲಿ ಕೇಳ್ತಾರೆ.

ತೋಡಿನಬದಿ

ಎಂತಾಯ್ತು ಅಂತ ಹೇಳ್ಲಿಕ್ಕೆ ಪುನಃ ಬಂದೆ, ಎರಡು ತಿಂಗಳಾಯ್ತು.

ಕಳೆಂಜ ಬಂದು ಹೋದ ಹಿಂದೆಯೇ ನಾವು ಆರು ಹೆಂಗಸರು ಬಾಟ್ಲಿ ಹಿಡ್ಕೊಂಡು ಹೋದೆವು, ಮೂವತ್ತೊಂದು ಮನೆಯಲ್ಲಿ ಇಪ್ಪತ್ತಾರು ಮನೆಯವರು ನೀರು ಕೊಟ್ರು. ನಕ್ಷೆ ಮೇಲೆ ಇಡ್ಲಿಕ್ಕೆ ಕೆಲವರು ಒಪ್ಪಲಿಲ್ಲ, ಹಾಗಾಗಿ ಅದನ್ನು ಬಿಟ್ಟೆವು. ಭಜನಾ ಮಂದಿರದ ಜಗಲಿಯಲ್ಲಿ ಕಪಾಟಿನ ಹಲಗೆ ಜೋಡಿಸಿ, ಹಿಂದೆ ಬಿಳಿ ಪಂಚೆ ಕಟ್ಟಿ ಅದ್ರ ಹಿಂದೆ ಬಲ್ಬ್ ಹಾಕಿದ್ದು. ಮೊದಲ ರಾತ್ರಿ ಇಪ್ಪತ್ತಾರೂ ದೀಪದ ಹಾಗೆ ಹೊಳೀತಿತ್ತು, ಜನ ಎಷ್ಟು ಚಂದ ಉಂಟು ಅಂದ್ರು. ಮೂರನೇ ರಾತ್ರಿ ಅದ್ರಲ್ಲಿ ಹತ್ತೊಂಬತ್ತರಿಂದ ಬೆಳಕು ಬರುದೇ ನಿಂತಿತ್ತು. ನಮ್ಮದೂ ಅದ್ರಲ್ಲೇ. ನನ್ನ ಮಾವ ಅದ್ರ ಎದುರು ಸುಮಾರು ಹೊತ್ತು ನಿಂತು ಏನೂ ಹೇಳದೆ ಮನೆಗೆ ಹೋದ್ರು, ರಾತ್ರಿ ಊಟದ ಹೊತ್ತಿಗೆ ಲೋಟದ ನೀರನ್ನು ಎತ್ತಿ ಬಲ್ಬಿಗೆ ಹಿಡಿದು ನೋಡಿದ್ರು.

ತಾಳಮದ್ದಳೆಯಲ್ಲಿ ಮರುವಾಯಿ ಅವರ ಅಮ್ಮ ಮಾತಾಡಿದ್ದು ಹತ್ತು ನಿಮಿಷ. ನಿಮ್ಮ ಮಕ್ಕಳಿಗೆ ಬೇಡದ್ದನ್ನು ನನ್ನ ಮಕ್ಕಳ ಊಟದ ಬಟ್ಟಲಿಗೆ ಕಳಿಸ್ತೀಯಾ ಅಂತ ಅವರು ಕೃಷ್ಣನಿಗೇ ಕೇಳಿದ್ರು. ಭಾಗವತರು ಮುಂದಿನ ಪದ ಎತ್ತಲಿಕ್ಕೆ ತಡ ಮಾಡಿದ್ರು.

ತೋಡು ಇನ್ನೂ ಸರಿಯಾಗಿಲ್ಲ. ತೊಟ್ಟೆ ಬೀಳುದು ಕಮ್ಮಿಯಾಗಿದೆ, ಪೂರ್ತಿ ನಿಂತಿಲ್ಲ. ಆದ್ರೆ ಏಳು ಮನೆಯವರು ಸೇರಿ ಹೊಂಡ ಖಾಲಿ ಮಾಡ್ಲಿಕ್ಕೆ ಗಾಡಿ ತರಿಸಿದ್ರು, ಒಳಚರಂಡಿ ಬೇಕು ಅಂತ ಈ ಸಲ ಅರ್ಜಿಗೆ ಐವತ್ತೆಂಟು ಜನರ ಸಹಿ ಬಿದ್ದಿದೆ, ಮೊದಲಿನ ಎರಡು ಅರ್ಜಿಯಲ್ಲಿ ಇದ್ದದ್ದು ನಾಲ್ಕು ನಾಲ್ಕು. ಅರ್ಜಿ ಜೊತೆ ಲ್ಯಾಬ್ ರಿಪೋರ್ಟೂ ಉಂಟು. ಗೋಡೆಯ ಹಳೇ ಪೇಂಟನ್ನು ಕೆಳಗೆ ಟಾರ್ಪಾಲ್ ಕಟ್ಟಿ ಕೆರೆದು ತೆಗೆದಿದ್ದೇವೆ, ದೀಪಾವಳಿಗೆ ಸುಣ್ಣ ಕಾವಿ.

ಲ್ಯಾಬಣ್ಣ, ಪಕ್ಕದ ಮನೆ ದೊಡ್ಡಮ್ಮ ದಿನಾ ಕೇಳ್ತಾ ಇದ್ದಾರೆ, ಹೊಂಡ ಸರಿಯಾಗುವ ತನಕ ಬಾವಿಗೆ ಎಂತ ಹಾಕುದು, ಎಷ್ಟು ಹಾಕುದು ಅಂತ. ಅವರ ಬಾವಿ ಆರಡಿ ಅಗಲ, ಈಗ ನೀರು ಆರೂವರೆ ಅಡಿ ಇರ್ಬಹುದು.

ಲ್ಯಾಬಣ್ಣ

ಸಾವಿರ ಲೀಟರಿಗೆ 2.5 ಗ್ರಾಂ ಒಳ್ಳೆ ಬ್ಲೀಚಿಂಗ್ ಪೌಡರ್. ದೊಡ್ಡಮ್ಮನ ಬಾವಿಯಲ್ಲಿ ಸುಮಾರು 5,000 ಲೀಟರ್ ಇರ್ತದೆ, ಹಾಗಾದ್ರೆ ಹನ್ನೆರಡು ಹದಿಮೂರು ಗ್ರಾಂ. ನೀರು ಕೆಟ್ಟದ್ದಿದ್ರೆ ಸ್ವಲ್ಪ ಹೆಚ್ಚು ಬೇಕಾಗ್ತದೆ, ಅದನ್ನು ನಾನು ಬಂದು ನೋಡಿ ಹೇಳ್ತೇನೆ. ಪೌಡರನ್ನು ಸೀದ ಬಾವಿಗೆ ಹಾಕ್ಬೇಡಿ. ಒಂದು ಬಕೆಟಲ್ಲಿ ಸ್ವಲ್ಪ ನೀರು ಹಾಕಿ ಹಿಟ್ಟಿನ ಹಾಗೆ ಕಲಸಿ, ಆಮೇಲೆ ಬಕೆಟ್ ಮುಕ್ಕಾಲು ತುಂಬಿಸಿ ಕದಡಿ, ಹತ್ತು ನಿಮಿಷ ಬಿಡಿ, ಸುಣ್ಣ ಅಡಿಗೆ ಕೂರ್ತದೆ. ಮೇಲಿನ ತಿಳಿಯನ್ನು ಮಾತ್ರ ಇನ್ನೊಂದು ಬಕೆಟಿಗೆ ಬಗ್ಗಿಸಿ ಹಗ್ಗ ಕಟ್ಟಿ ಬಾವಿಗೆ ಇಳಿಸಿ, ನೀರಿನೊಳಗೆ ಮೇಲೆ ಕೆಳಗೆ ಚೆನ್ನಾಗಿ ಆಡಿಸಿ. ಕಡಿಮೆ ಅಂದ್ರೆ ಒಂದು ಗಂಟೆ ಬಿಡ್ಬೇಕು, ರಾತ್ರಿ ಹಾಕಿ ಬೆಳಿಗ್ಗೆ ಸೇದಿದ್ರೆ ಇನ್ನೂ ಒಳ್ಳೆಯದು. ಕುಡೀಲಿಕ್ಕೆ ಆದ್ರೂ ಕುದಿಸಿಯೇ ಕುಡೀಲಿ. ಶನಿವಾರ ಮಧ್ಯಾಹ್ನ ನಾನು ಆ ಕಡೆ ಬರ್ತೇನೆ, ಮೊದಲ ಸಲ ಒಟ್ಟಿಗೆ ಮಾಡುವ.